ಬದುಕಿರೋರಿಗೆ ಎಳ್ಳುನೀರು

ಅತ್ತೆ ಬರೋ ಫ್ಲೈಟು ಸಂಜೆಗಿತ್ತು. ಶರ್ಮಿಳಾ ಬೆಳಿಗ್ಗೆಯಿಂದ ಮನೆಯಿಂದ ಮೀನು ಓಡಿಸ್ತಾ ಇದ್ಲು.

ಓಡಿಸೋದಂದ್ರೆ ಸುಲಭ ಅಲ್ಲ. ಫ್ರೀಝರಲ್ಲಿ ಬಂಗುಡೆ, ಅಂಜಲ್ ತುಂಡು, ಸಿಗಡಿ. ಡಬ್ಬದಲ್ಲಿ ಒಣಮೀನು. ಮೀನು ಸಾರಿಗೇ ಅಂತ ಊರಿಂದ ತಂದ ಮಣ್ಣಿನ ಮಡಕೆ. ಎಲ್ಲಾ ಚೀಲಕ್ಕೆ ತುಂಬಿ, ಲಿಫ್ಟಲ್ಲಿ ಇಳಿಸಿ, ಕೆಳಗಿನ ಮಹಡಿಯ ಪರ್ಲ್ ಮನೆಗೆ ಸಾಗಿಸಬೇಕು. ಆಮೇಲೆ ಮೇಲೆ ಬಂದು ಫ್ರಿಜ್ಜಿಗೆ ಸೋಡಾ, ನಿಂಬೆಹಣ್ಣು, ಮತ್ತೆ ಸೋಡಾ. ಮೂಗು ಒಳಗಿಟ್ಟು ಮೂಸಿ ನೋಡೋದು. ಮತ್ತೆ ಒರೆಸೋದು.

"ಎಂತ ಮಾರಾಯ್ತಿ, ನಿನ್ನ ಅತ್ತೆ ಬಂದ್ರೆ ಹಬ್ಬ ನಮ್ಮ ಫ್ರೀಝರಿಗೆ!" ಅಂತ ಪರ್ಲ್ ನಕ್ಕಳು. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ದೋಹಾದ ಅಲ್ ಗರಾಫಾ ಬಡಾವಣೆಯ ಆ ಬಿಲ್ಡಿಂಗಲ್ಲಿ ಶರ್ಮಿಳಾಗಿದ್ದ ಒಬ್ಬಳೇ ಗೆಳತಿ. "ನನ್ನ ಗಂಡನ ಕೈಗೆ ಸಿಕ್ಕಿದ್ರೆ ಒಂದೇ ವಾರದಲ್ಲಿ ಖಲಾಸ್, ನಂಗೆ ಹೇಳ್ಬೇಡ ಮತ್ತೆ."

"ತಿನ್ಲಿ. ಆದ್ರೆ ಮೆಟ್ಟಿಲ ಹತ್ರ ಸಿಕ್ಕಿದಾಗ ಅತ್ತೆ ಎದುರು 'ಬಂಗುಡೆ ಚೆನ್ನಾಗಿತ್ತು' ಅಂತ ಥ್ಯಾಂಕ್ಸ್ ಹೇಳೋದು ಬೇಡ ಅಂತ ಹೇಳು. ಹೋದ ಸಲ ಹೇಳಿದ್ರು."

ವಿಷಯ ಇಷ್ಟೇ. ಗಿರಿಧರ್ ಮೈಸೂರಿನ ಬ್ರಾಹ್ಮಣರ ಮನೆ ಹುಡುಗ. ಶರ್ಮಿಳಾ ಮಲ್ಪೆಯ ಮೊಗವೀರರ ಮನೆ ಹುಡುಗಿ. ಅಪ್ಪನ ಹೆಸರು ಕೊರಗ, ದೋಣಿ ಹತ್ತಿ ಸಮುದ್ರಕ್ಕೆ ಹೋಗ್ತಿದ್ದೋರು, ಅಮ್ಮ ಪೂವಕ್ಕ ಬುಟ್ಟಿ ಹೊತ್ತು ಮೀನು ಮಾರ್ತಿದ್ದೋರು. ಗಿರಿಧರ್, ಶರ್ಮಿಳಾ ಇಬ್ಬರೂ ದೋಹಾದ ಒಂದೇ ಆಫೀಸಲ್ಲಿ ಸಿಕ್ಕಿ, ಇಷ್ಟಪಟ್ಟು, ರಿಜಿಸ್ಟರ್ ಮದುವೆಗೆ ಹೊರಟಾಗ ಗಿರಿಧರನ ಅಪ್ಪ ರಾಮಸ್ವಾಮಿಗೆ ಹಾರ್ಟ್ ಆಪರೇಷನ್ ಆಗಿ ತಿಂಗಳೂ ಆಗಿರಲಿಲ್ಲ. ಈ ಮಹಾನುಭಾವ ಫೋನಲ್ಲಿ ಒಂದು ಸುಳ್ಳು ಬಿಟ್ಟ. "ಹುಡುಗಿ ಉಡುಪಿ ಕಡೆ, ನಮ್ಮೋರೇ. ಪಾಪ, ಅಪ್ಪ ಅಮ್ಮ ಇಬ್ಬರೂ ಆಕ್ಸಿಡೆಂಟಲ್ಲಿ ಹೋಗ್ಬಿಟ್ರು." ಅಪ್ಪ ಅಮ್ಮನೇ ಇಲ್ಲ ಅಂದ್ಮೇಲೆ ಬೀಗರು ಯಾರು, ಯಾವ ಮಠ, ಯಾವ ಮನೆತನ ಅಂತ ಕೇಳೋಕೆ ಯಾರ ಹತ್ರ ಹೋಗ್ತಾರೆ? ಅಪ್ಪ ಸುಧಾರಿಸ್ಕೊಳ್ಲಿ, ಆಮೇಲೆ ನಿಜ ಹೇಳೋಣ ಅಂದಿದ್ದ. ಆ 'ಆಮೇಲೆ'ಗೆ ಈಗ ಹದಿನೇಳು ವರ್ಷ. ಅಷ್ಟರಲ್ಲಿ ರಾಮಸ್ವಾಮಿ ಹೋದ್ರು. ಕೊರಗನೂ ನಿಜವಾಗ್ಲೇ ಹೋದ್ರು. ಪೂವಕ್ಕ ಮಾತ್ರ ಗುಂಡುಕಲ್ಲಿನ ಹಾಗೆ ಇದ್ರು. ಮಗಳ ಅತ್ತೆ ಮನೆಯವರಿಗೆ ತಮ್ಮನ್ನ ಕಂಡ್ರೆ ಆಗಲ್ಲ ಅಂತಷ್ಟೇ ಅವರಿಗೆ ಗೊತ್ತಿತ್ತು. ತಾವು ಸತ್ತಿರೋದು ಗೊತ್ತಿರಲಿಲ್ಲ.

ಈ ಸಲದ ತೊಂದರೆ ಏನಪ್ಪಾ ಅಂದ್ರೆ, ಪೂವಕ್ಕನೂ ದೋಹಾಕ್ಕೆ ಬಂದಿದ್ರು. ಶರ್ಮಿಳಾಳ ತಮ್ಮ ರಿತೇಶ್ ದೋಹಾ ಪಕ್ಕದ ಉಮ್ಮ್ ಸಲಾಲಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟಿದ್ದ. ಅವನ ಹೆಂಡತಿಗೆ ಮಗು ಆಗಿತ್ತು, ಬಾಣಂತನಕ್ಕೆ ಅಮ್ಮನ್ನ ಕರೆಸಿದ್ದ. ಎಪ್ಪತ್ತು ದಾಟಿದ ಮುದುಕಿ, ವಿಮಾನ ಹತ್ತಿದ್ದು ಇದೇ ಮೊದಲು, ಬಹುಶಃ ಇದೇ ಕೊನೆ. ಬಂದಿಳಿದ ದಿನ ಮಗಳ ಹತ್ರ ಕೇಳಿದ್ದು ಒಂದೇ. "ನಿನ್ನ ಮನೆಯಲ್ಲಿ ಕೂತು ಒಂದು ಹೊತ್ತು ನಿನ್ನ ಕೈಯ ಊಟ ಮಾಡ್ಬೇಕು ಮಗಾ. ಮತ್ತೆ ನಂಗೆ ಎಂತದೂ ಬೇಡ."

ಶರ್ಮಿಳಾಗೂ ಬೇಕಿದ್ದದ್ದು ಅದೊಂದೇ. ಅದೊಂದೇ ಆಗದ ಮಾತು.

*

ಅತ್ತೆ ಕಾಂತಾಮಣಿ ಬಂದಿದ್ದೇ ಬಂದಿದ್ದು, ಅಡುಗೆಮನೆ ಮೈಸೂರಾಯ್ತು. ಕುಕ್ಕರಿನ ಜಾಗ ಬದಲಾಯ್ತು, ಸಾರಿನ ಪುಡಿ ಬದಲಾಯ್ತು, ಮೊಸರಿನ ಪಾತ್ರೆಗೆ ಬೇರೆ ಶೆಲ್ಫ್ ಬಂತು. ಒಳ್ಳೆ ಹೆಂಗಸೇ, ಸುಮ್ನೆ ಹೇಳಬಾರದು. ಸೊಸೆಗೆ ಅಂತ ಮೈಸೂರಿಂದ ನಂಜನಗೂಡು ರಸಬಾಳೆ ಹೊತ್ತು ತಂದಿದ್ರು. "ತಬ್ಬಲಿ ಹುಡುಗಿ, ಇವಳಿಗೆ ಯಾರಿದಾರೆ ನಮ್ಮನ್ನ ಬಿಟ್ರೆ" ಅಂತ ಬಾಯ್ತುಂಬ ಹೇಳೋರು. ಆ ಮಾತು ಕೇಳಿದಾಗೆಲ್ಲ ಶರ್ಮಿಳಾ ಪಾತ್ರೆ ತೊಳೆಯೋಕೆ ಎದ್ದು ಹೋಗ್ತಿದ್ಲು, ಪಾತ್ರೆ ಇಲ್ಲದಿದ್ರೂ.

ಮೊದಲನೇ ವಾರವೇ ಊಟದ ಟೇಬಲ್ ಮೇಲೆ ಜಗಳ. ದಸರಾಕ್ಕೆ ಕನ್ನಡ ಬಳಗದ ಕಾರ್ಯಕ್ರಮ ಇತ್ತು, ಮಕ್ಕಳಿಗೆ ಏಕಪಾತ್ರಾಭಿನಯ. ಮಗಳು ಗಗನಾ, ಹನ್ನೊಂದನೇ ಕ್ಲಾಸು, ತಾನೇ ಬರೆದ್ಕೊಂಡು ಬಂದಿದ್ಲು.

"ರಿವ್ಕಾ ಅಂತ ಅಪ್ಪ. ಜ್ಯೂಯಿಷ್ ಹುಡುಗಿ, ಟ್ವೆಂಟಿ ಇಯರ್ಸ್. ಪೋಲೆಂಡಲ್ಲಿ ಒಂದು ಊರು. ಜರ್ಮನ್ಸ್ ಬಂದು ಹಿಡ್ಕೊಂಡಿರ್ತಾರೆ. ಯಹೂದಿ ಅಂತ ಗೊತ್ತಾದ್ರೆ ಕೊಂದೇಬಿಡ್ತಾರೆ. ಇವಳು ಸುಳ್ಳು ಪೇಪರ್ಸ್ ಮಾಡಿಸ್ಕೊಂಡು, ಯಾನಿನಾ ಅಂತ ಹೆಸರಿಟ್ಕೊಂಡು, ಕ್ರಿಶ್ಚಿಯನ್ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರ್ತಾಳೆ."

"ಇದು ಯಾರ ಕಥೆ?"

"ಒಬ್ಬಳದಲ್ಲ. ಹಾಗೆ ಬದುಕಿ ಉಳಿದೋರು ಹೇಳಿದ್ದನ್ನ ಹಿಸ್ಟರಿ ಪ್ರಾಜೆಕ್ಟಿಗೆ ಓದಿದ್ನಲ್ಲ, ಎಲ್ಲ ಸೇರಿಸಿ ನಾನೇ ಮಾಡಿದ್ದು."

ಗಿರಿಧರ್ ಚಪಾತಿ ಕೆಳಗಿಟ್ಟ. "ಈ ಅರಬ್ಬರ ಊರಲ್ಲಿ, ಈ ಕಾಲದಲ್ಲಿ, ಯಹೂದಿ ಕಥೆನೇ ಬೇಕಿತ್ತಾ? ಓಬವ್ವ ಮಾಡಮ್ಮ, ಜನ ಚಪ್ಪಾಳೆ ತಟ್ತಾರೆ."

"ಓಬವ್ವ ಆಲ್ರೆಡಿ ಮೂರು ಜನ ಮಾಡ್ತಿದಾರೆ. ಒನಕೆಗೆ ಕ್ಯೂ ಇದೆ. ನಹ್ಲಾನ ಕೇಳಿದೆ, ನನ್ನ ಕ್ಲಾಸಿನ ಅರಬ್ ಹುಡುಗಿ. ಅವಳು ಏನಂದ್ಲು ಗೊತ್ತಾ? ಅಡಗಿಕೊಂಡಿರೋ ಹುಡುಗಿ ಅಂದ್ರೆ ಅಡಗಿಕೊಂಡಿರೋ ಹುಡುಗಿ, ಯಾವ ಊರಾದ್ರೇನು ಅಂದ್ಲು."

"ನಹ್ಲಾ ನಿನಗೆ ವೀಸಾ ಕೊಡಲ್ಲ," ಅಂದ ಗಿರಿಧರ್.

"ಸುಮ್ನಿರೋ ಗಿರಿ," ಅಂದ್ರು ಕಾಂತಾಮಣಿ. ಅವರಿಗೆ ಆಗಲೇ ಕಿವಿ ನೆಟ್ಟಗಾಗಿತ್ತು. "ಬೇರೆ ಜಾತಿಯೋರ ಮನೇಲಿ ಅಡುಗೆ ಮಾಡ್ಕೊಂಡು ಹೆಂಗಿದ್ಲೇ ಅವಳು? ಊಟಕ್ಕೇನು ಮಾಡಿದ್ಲು?"

ಗಗನಾ ಖುಷಿಯಾದ್ಲು. "ಅದೇ ಅಜ್ಜಿ ಸೀನು! ಯಹೂದಿಗಳಲ್ಲಿ ಮಾಂಸದ ಜೊತೆ ಹಾಲು, ಬೆಣ್ಣೆ ಸೇರಿಸೋ ಹಾಗಿಲ್ಲ. ಪಾತ್ರೆನೂ ಬೇರೆ ಬೇರೆ. ಯಜಮಾನಿ ಇವಳಿಗೆ ಮಾಂಸದ ಸಾರಿಗೆ ಬೆಣ್ಣೆ ಹಾಕು ಅಂತಾಳೆ. ಹಾಕೋಕೆ ಹೋದಾಗ ಕೈ ನಿಂತ್ಬಿಡುತ್ತೆ."

"ಅಯ್ಯೋ, ಮುಸುರೆ ಕಣೇ ಅದು!" ಕಾಂತಾಮಣಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ರು. "ನಮ್ಮಲ್ಲಿ ಅನ್ನ ಮುಟ್ಟಿದ ಕೈ ತೊಳೀದೆ ಹಾಲು ಮೊಸರು ಮುಟ್ಟಲ್ಲ ನೋಡು, ಅದೇ! ಮಾಂಸ ಗೀಂಸ ಬಿಡು, ಶಿವ ಶಿವ. ಆದ್ರೆ ಕೈ ನಿಲ್ಲುತ್ತೆ ಅನ್ನೋದು ನೂರಕ್ಕೆ ನೂರು ನಿಜ. ಹುಟ್ಟಿದಾಗಿಂದ ಬಂದಿದ್ದು. ನೀನು ಮಾಡಿ ತೋರಿಸು."

ಗಗನಾ ಕೈ ಚಾಚಿ, ಸಿನಿಮಾದವರ ಹಾಗೆ ನಡುಗಿಸಿ ನಿಲ್ಲಿಸಿದ್ಲು.

"ಥೂ, ಕರೆಂಟ್ ಹೊಡೆದೋರ ಹಾಗೆ! ಹಂಗಲ್ವೇ. ಶರ್ಮಿಳಾ, ಬಾಮ್ಮ, ನೀನು ತೋರಿಸು ಇವಳಿಗೆ. ಅನ್ನ ಬಡಿಸಿ, ಹಾಗೇ ಮೊಸರಿಗೆ ಕೈ ಹಾಕು ನೋಡೋಣ. ಬೇಕೂ ಅಂತ ಹಾಕಕ್ಕೆ ಹೋದ್ರೂ ನಿಂತ್ಕೊಳುತ್ತೆ."

ಶರ್ಮಿಳಾ ಅನ್ನದ ಪಾತ್ರೆ ಹಿಡಿದು ಬಡಿಸಿದ್ಲು. ಆಮೇಲೆ ಮೊಸರಿನ ಪಾತ್ರೆ ಎತ್ತಿಕೊಂಡ್ಲು. ಕೈ ಎಲ್ಲೂ ನಿಲ್ಲಲಿಲ್ಲ. ಬೆಣ್ಣೆ ಮೇಲೆ ಚಾಕು ಹೋದ ಹಾಗೆ ಹೋಯ್ತು. ಮೊಸರು ತಟ್ಟೆಗೆ ಬಿದ್ದ ಮೇಲೆ ಅವಳಿಗೆ ಗೊತ್ತಾಯ್ತು.

ಕಾಂತಾಮಣಿ ಹುಬ್ಬು ಗಂಟಾಯ್ತು.

"ವಾವ್ ಅಮ್ಮ!" ಅಂತ ಗಗನಾ ಕಿರುಚಿದ್ಲು. "ನೋಡಿದ್ರಾ ಅಜ್ಜಿ? ಸಿಕ್ಕಿಬೀಳಬಾರದು ಅಂತ ರಿವ್ಕಾ ಪ್ರಾಕ್ಟೀಸ್ ಮಾಡ್ತಾಳಲ್ಲ, ಅದನ್ನ ತೋರಿಸಿದ್ದು ಅಮ್ಮ. ಕೈ ನಿಲ್ಲಿಸದೇ ಇರೋದು!"

"ಓ," ಅಂದ್ರು ಕಾಂತಾಮಣಿ. ಮಗನ ಕಡೆ ತಿರುಗಿ, "ಚೆನ್ನಾಗಿ ಮಾಡ್ತಾಳಲ್ಲೋ ಗಿರಿ ಇವಳು," ಅಂದ್ರು.

ಅಡುಗೆಮನೆಯಲ್ಲಿ ಇಬ್ಬರೇ ಆದಾಗ ಶರ್ಮಿಳಾ ಮಗಳ ಕೈ ಹಿಡ್ಕೊಂಡ್ಲು. "ಥ್ಯಾಂಕ್ಸ್ ಕಣೇ."

ಗಗನಾ ಕೈ ಬಿಡಿಸ್ಕೊಂಡ್ಲು. "ನಾಲ್ಕು ವರ್ಷ ಇದ್ದಾಗಿಂದ ಮೈಸೂರಲ್ಲಿ 'ಪೂವಜ್ಜಿ' ಅನ್ನೋ ಹೆಸರು ಬಾಯಿಗೆ ಬರದ ಹಾಗೆ ಇದ್ದೀನಿ. ಆಕ್ಟಿಂಗ್ ನನಗೆ ಯಾರು ಕಲಿಸಿದ್ದು ಅಂದ್ಕೊಂಡೆ?"

*

ಶುಕ್ರವಾರ ಶರ್ಮಿಳಾ 'ತರಕಾರಿ ತರ್ತೀನಿ' ಅಂತ ಹೇಳಿ ಉಮ್ಮ್ ಸಲಾಲಿಗೆ ಓಡಿದ್ಲು. ಪೂವಕ್ಕ ಮೊಮ್ಮಗುವಿಗೆ ಎಣ್ಣೆ ಹಚ್ತಾ ಕೂತಿದ್ರು. ಬಾಯಿ ತುಳುವಲ್ಲೇ, ಕೈ ಮಗುವಿನ ಮೇಲೆ.

"ಬಂದಿಯಾ? ಪೈಂಟು ಮುಗೀಲಿಲ್ವಾ ಇನ್ನೂ ನಿನ್ನ ಮನೆಯದ್ದು?"

"ಇಲ್ಲ ಅಮ್ಮ. ಇಲ್ಲಿಯ ಕೆಲಸದವರು ಗೊತ್ತಲ್ಲ..."

"ಎಷ್ಟು ದಿನ ಪೈಂಟು ಮಾಡುದು? ಅರಮನೆಯಾ ಅದು?" ಪೂವಕ್ಕ ಮಗುವನ್ನ ಬೋರಲು ಹಾಕಿದ್ರು. "ನಿನ್ನ ಅತ್ತೆ ಬಂದಿದ್ದಾಳಂತೆ. ರಿತೇಶ ಹೇಳಿದ."

ರಿತೇಶ್ ಮೊಬೈಲ್ ನೋಡೋ ನಾಟಕ ಮಾಡಿದ.

"ನಂಗೆ ಅವಳ ಹತ್ರ ಎಂತ ಜಗಳ? ನಮಸ್ಕಾರ ಹೇಳಿ ಮೂಲೆಯಲ್ಲಿ ಕೂತ್ಕೊಳ್ತೇನೆ. ಒಳ್ಳೆ ಸೀರೆ ಉಡ್ತೇನೆ. ವಾಸನೆ ಬರ್ತದೆ ಅಂತ ಹೆದರಿಕೆ ಉಂಟಾ? ಬುಟ್ಟಿ ಬಿಟ್ಟು ಎಷ್ಟು ವರ್ಷ ಆಯ್ತು ಮಗಾ."

"ಹಾಗೆಲ್ಲ ಇಲ್ಲ ಅಮ್ಮ..."

"ಹಾಗಾದ್ರೆ ಹೇಗೆ?"

ಮಗು ಅತ್ತಿತು, ಶರ್ಮಿಳಾ ಬಚಾವಾದ್ಲು. ವಾಪಸ್ ಬರೋವಾಗ ಸಿಗ್ನಲ್ ಹಸಿರಾದ್ರೂ ಕಾರು ಎತ್ತದೆ ನಿಂತಿದ್ಲು, ಹಿಂದಿನವನು ಹಾರ್ನ್ ಹೊಡೆದು ಬೈದ ಮೇಲೆ ಹೊರಟಳು. ಮನೆಗೆ ಬಂದ್ರೆ ಅತ್ತೆ ಕೇಳಿದ್ರು, "ತರಕಾರಿ ಎಲ್ಲಮ್ಮ?"

ತರಕಾರಿ ಮರೆತೇ ಹೋಗಿತ್ತು.

*

ಅಜ್ಜಿ ಮೊಮ್ಮಗಳ ರಿಹರ್ಸಲ್ ಮಾತ್ರ ದಿನಾ ನಡೀತು. ಗಗನಾಳ ಕನ್ನಡ ಕಾಂತಾಮಣಿ ತಿದ್ದೋರು, ಕಾಂತಾಮಣಿಯ ಭೂಗೋಳ ಗಗನಾ ತಿದ್ದೋಳು. ಸಾರು ಕುದೀತಾ ಇರೋವಾಗ್ಲೂ ಅಡುಗೆಮನೆಯಲ್ಲಿ ಜರ್ಮನ್ ಸೈನಿಕರು ಓಡಾಡ್ತಿದ್ರು. ಒಂದು ಸಂಜೆ ಗಗನಾ ಹೊಸ ಸೀನ್ ತಂದ್ಲು.

"ಇದು ನವೆಂಬರ್ ಅಜ್ಜಿ. ಅಲ್ಲಿನ ಕ್ರಿಶ್ಚಿಯನ್ನರಲ್ಲಿ ತೀರಿಕೊಂಡೋರ ಹಬ್ಬ ಅಂತ ಇದೆ, ಸಮಾಧಿಗಳ ಹತ್ರ ಎಲ್ಲರೂ ಮೇಣದಬತ್ತಿ ಹಚ್ತಾರೆ. ರಿವ್ಕಾ ತನ್ನ ಅಪ್ಪ ಅಮ್ಮ ಬಾಂಬಲ್ಲಿ ಸತ್ತರು ಅಂತ ಸುಳ್ಳು ಹೇಳಿರ್ತಾಳೆ. ಯಜಮಾನಿ ಒಳ್ಳೆಯವಳು. ಇವಳ ಕೈಗೂ ಎರಡು ಮೇಣದಬತ್ತಿ ಕೊಡ್ತಾಳೆ, ನಿನ್ನ ಅಪ್ಪ ಅಮ್ಮಂಗೆ ಹಚ್ಚಮ್ಮ ಅಂತ. ಆದ್ರೆ ಅಮ್ಮ ಬದುಕಿರ್ತಾರೆ. ಎರಡು ಬೀದಿ ಆಚೆ, ಒಂದು ನೆಲಮಾಳಿಗೆಯಲ್ಲಿ ಅಡಗಿಕೊಂಡು. ರಿವ್ಕಾ ಬದುಕಿರೋ ಅಮ್ಮಂಗೆ, ಸುಳ್ಳು ಹೆಸರಲ್ಲಿ, ಮೇಣದಬತ್ತಿ ಹಚ್ಚಬೇಕು. ಹಚ್ಚದಿದ್ರೆ ಡೌಟ್ ಬರುತ್ತೆ."

ಹೇಳಿ, ಹಾಲ್ ಮಧ್ಯೆ ಕೂತು, ಇಲ್ಲದ ಬೆಂಕಿಕಡ್ಡಿ ಗೀರಿ ಹಚ್ಚಿದ್ಲು. ಒಂದು ಬತ್ತಿ ಹಚ್ಚಿದ್ಲು. ಎರಡನೆಯದಕ್ಕೆ ಕಡ್ಡಿ ಆರಿಹೋಯ್ತು. ಮತ್ತೆ ಗೀರಿದ್ಲು.

ಕಾಂತಾಮಣಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. "ಆ ಯಜಮಾನಿ ಪುಣ್ಯಾತ್ಗಿತ್ತಿ. ತಬ್ಬಲಿ ಅಂತ ನೆನೆಸ್ಕೊಂಡ್ಲಲ್ಲ." ಆಮೇಲೆ ಬಾಗಿಲ ಹತ್ರ ಬಟ್ಟೆ ಮಡಚ್ತಾ ನಿಂತಿದ್ದ ಸೊಸೆ ಕಡೆ ತಿರುಗಿದ್ರು. "ನನಗೇ ನಾಚಿಕೆ ಆಯ್ತು ಕಣಮ್ಮ. ನಿಮ್ಮ ಮಾವ ಇದ್ದಾಗ ಪ್ರತೀ ವರ್ಷ ನಿಮ್ಮಪ್ಪ ಅಮ್ಮನ ಹೆಸರಲ್ಲೂ ಎಳ್ಳುನೀರು ಬಿಡ್ತಿದ್ರು. ಅವರು ಹೋದ್ಮೇಲೆ ಯಾರೂ ಬಿಟ್ಟಿಲ್ಲ. ಈ ಭಾನುವಾರ ಮಹಾಲಯ ಅಮಾವಾಸ್ಯೆ. ಗಿರಿ ಕೈಯಲ್ಲಿ ಮಾಡಿಸ್ತೀನಿ. ಜೋಯಿಸರು ಮೊಬೈಲಲ್ಲೇ ಮಂತ್ರ ಹೇಳ್ತಾರಂತೆ. ಮಾವನ ಮನೆಯೋರಿಗೆ ಅಳಿಯ ಬಿಟ್ರೆ ಶ್ರೇಷ್ಠ."

ಶರ್ಮಿಳಾ ಕೈಯಲ್ಲಿದ್ದ ಟವೆಲ್ಲನ್ನ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ್ಲು.

ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲಿ ಕಾರೊಳಗೆ ಮೂವರೂ ಹತ್ತಿಕೊಂಡ್ರು, ಜಗಳಕ್ಕೆ.

"ನಿಮ್ಮಪ್ಪ ವರ್ಷಾ ವರ್ಷಾ ನನ್ನ ಅಮ್ಮಂಗೆ ಎಳ್ಳುನೀರು ಬಿಡ್ತಿದ್ರಾ? ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು..." ಗಿರಿಧರ್ ಸ್ಟೇರಿಂಗ್ ನೋಡ್ತಾ ಹೇಳಿದ. "ಹೆಸರು ಕೇಳಿದ್ರು, ಏನೋ ಒಂದು ಹೇಳಿದ್ದೆ. ಕೃಷ್ಣಮೂರ್ತಿ, ಪದ್ಮಾವತಿ ಅಂತ. ಯಾರಿಗೂ ತಾಗಲ್ಲ ಶರ್ಮಿ, ಅಂಥೋರೇ ಇಲ್ಲ. ಭಾನುವಾರನೂ ಅದನ್ನೇ ಹೇಳ್ತೀನಿ. ಐದು ನಿಮಿಷ. ಅಮ್ಮ ಖುಷಿಯಾಗ್ತಾರೆ."

"ನಮ್ಮಮ್ಮ ಇಲ್ಲೇ ಉಮ್ಮ್ ಸಲಾಲಲ್ಲಿ ಗಂಜಿ ಉಣ್ತಿರ್ತಾರೆ! ನೀವಿಲ್ಲಿ..."

"ಹಾಗಂತ ಈಗ ಹೇಳೋಕಾಗುತ್ತಾ? ಇಷ್ಟು ವರ್ಷ ಆದ್ಮೇಲೆ? ಅಮ್ಮನ ಬಿಪಿ ನಿನಗೆ ಗೊತ್ತಿಲ್ವಾ?"

"ಹೇಳೋಕಾಗಲ್ಲ," ಅಂದ್ಲು ಶರ್ಮಿಳಾ. ಹಿಂದಕ್ಕೆ ತಿರುಗಿದ್ಲು. "ನೀನಾದ್ರೂ ಆ ಸೀನ್ ಬರೀದೆ ಇರಬಾರದಿತ್ತಾ? ನನ್ನ ಕಥೆನೇ ಎತ್ತಿ ಬರೆದಿದೀಯ."

ಹಿಂದಿನ ಸೀಟಲ್ಲಿ ಗಗನಾ ಇಯರ್‌ಫೋನ್ ಕಿತ್ತುಹಾಕಿದ್ಲು. "ನಿನ್ನ ಕಥೆನಾ? ಅಮ್ಮ, ಪ್ಲೀಸ್, ಕಂಪೇರ್ ಮಾಡಬೇಡ. ಅವಳು ಬಾಯಿ ಬಿಟ್ಟಿದ್ರೆ ಅವಳನ್ನೂ ಅವಳ ಅಮ್ಮನ್ನೂ ಗೋಡೆಗೆ ನಿಲ್ಲಿಸಿ ಶೂಟ್ ಮಾಡ್ತಿದ್ರು. ನಿನ್ನ ತಲೆ ಮೇಲೆ ಯಾರ ಗನ್ ಇದೆ? ಅಜ್ಜಿ ಇದಾರೆ. ಮುಖ ಊದಿಸ್ಕೊಳ್ತಾರೆ. ಅಷ್ಟೇ. ಅವಳು ಅಮ್ಮನ್ನ ಉಳಿಸೋಕೆ ಸುಳ್ಳು ಹೇಳಿದ್ಲು. ನೀವು ಸುಳ್ಳು ಉಳಿಸೋಕೆ 'ಅಮ್ಮ ಸತ್ತರು' ಅಂದ್ರಿ."

"ಗಗನಾ!" ಅಂತ ಗಿರಿಧರ್ ಗದರಿದ.

"ಏನಪ್ಪಾ? ಕನ್ನಡ ತಪ್ಪಾಯ್ತಾ?"

ಗಿರಿಧರ್ ಇಳಿದು ಹೋಗಿ ಕರಿ ಎಳ್ಳು ತಂದ.

*

ಭಾನುವಾರ ಇಲ್ಲಿ ಆಫೀಸ್ ದಿನ. ಗಿರಿಧರ್ ಮುಶೈರಿಬ್‌ನ ಆಫೀಸಿಗೆ ಲೇಟಾಗಿ ಬರ್ತೀನಿ ಅಂತ ಮೆಸೇಜ್ ಹಾಕಿ, ಪಂಚೆ ಉಟ್ಟು ದಕ್ಷಿಣಕ್ಕೆ ಮುಖ ಮಾಡಿ ಕೂತ. ಬೆರಳಿಗೆ ದರ್ಭೆ, ಮುಂದೆ ತಟ್ಟೆ, ಎಳ್ಳು, ನೀರು. ಸೋಫಾಕ್ಕೆ ಒರಗಿಸಿದ ಮೊಬೈಲಲ್ಲಿ ಮೈಸೂರಿನ ಜೋಯಿಸರು. ಕಾಂತಾಮಣಿ ಮಡಿಸೀರೆಯಲ್ಲಿ ಪಕ್ಕಕ್ಕೆ ನಿಂತಿದ್ರು. ಶರ್ಮಿಳಾ ನೀರಿನ ಚೊಂಬು ಹಿಡಿದಿದ್ಲು. ಸ್ಕೂಲ್ ಯೂನಿಫಾರ್ಮಿನಲ್ಲಿ ಗಗನಾ ಬಾಗಿಲ ಹತ್ರ ಶೂ ಹಾಕೋದನ್ನ ಅರ್ಧಕ್ಕೆ ನಿಲ್ಲಿಸಿ ನೋಡ್ತಿದ್ಲು.

ರಾಮಸ್ವಾಮಿಗೆ ಆಯ್ತು, ಅವರಪ್ಪಂಗೆ ಆಯ್ತು, ಮುತ್ತಾತಂಗೆ ಆಯ್ತು. ಸಿಗ್ನಲ್ ಕೈಕೊಟ್ಟು ಒಬ್ಬ ಚಿಕ್ಕಪ್ಪಂಗೆ ಎರಡು ಸಲ ಆಯ್ತು.

"ಈಗ ಮಾವನವರು," ಅಂದ್ರು ಜೋಯಿಸರು. "ಪತ್ನೀಸಮೇತ ಅಲ್ವಾ?"

"ಹೌದು ಜೋಯಿಸ್ರೇ, ಇಬ್ಬರೂ ಹೋಗಿದಾರೆ ಪಾಪ," ಅಂದ್ರು ಕಾಂತಾಮಣಿ. ಆಮೇಲೆ ಸೊಸೆಗೆ ಮೆತ್ತಗೆ, "ನೀನೇ ಹೇಳಮ್ಮ ಹೆಸರು. ಮಗಳ ಬಾಯಲ್ಲಿ ಬರ್ಲಿ. ಅವರಿಗೂ ತೃಪ್ತಿ."

ಗಿರಿಧರ್ ಅವಸರವಾಗಿ, "ಕೃಷ್ಣಮೂರ್ತಿ..." ಅಂದ.

"ಕೊರಗ," ಅಂದ್ಲು ಶರ್ಮಿಳಾ.

"ಏನು? ಕೇಳಿಸಲಿಲ್ಲ," ಅಂತು ಮೊಬೈಲು.

"ಕೊರಗ. ನನ್ನಪ್ಪನ ಹೆಸರು ಕೊರಗ. ಮಲ್ಪೆಯವರು. ದೋಣಿಯಲ್ಲಿ ಮೀನು ಹಿಡಿಯೋಕೆ ಹೋಗ್ತಿದ್ರು. ಅವರಿಗೆ ಬಿಡಿ. ಅಮ್ಮಂಗೆ ಬಿಡಬೇಡಿ." ಅವಳು ಚೊಂಬು ಕೆಳಗಿಟ್ಟು ಅತ್ತೆ ಕಡೆ ತಿರುಗಿದ್ಲು. "ಅಮ್ಮ ಇದಾರೆ ಅತ್ತೆ. ಸತ್ತಿಲ್ಲ. ಪೂವಕ್ಕ ಅಂತ ಹೆಸರು. ಈಗ ಇದೇ ಊರಲ್ಲಿ, ನನ್ನ ತಮ್ಮನ ಮನೇಲಿ ಇದಾರೆ."

ಕಾಂತಾಮಣಿ ಮಗನ ಮುಖ ನೋಡಿದ್ರು. ಗಿರಿಧರ್ ತಟ್ಟೆ ನೋಡಿದ. ಅದೇ ಉತ್ತರ ಆಯ್ತು. ಅವರು ಸೀರೆ ಸಾವರಿಸ್ಕೊಂಡು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು.

"ಹಲೋ? ಗೋತ್ರ ಹೇಳಿ," ಅಂದ್ರು ಜೋಯಿಸರು.

"ಗೊತ್ತಿಲ್ಲ," ಅಂದ್ಲು ಶರ್ಮಿಳಾ.

"ಗೊತ್ತಿಲ್ಲದಿದ್ರೆ ಕಾಶ್ಯಪ ಅನ್ನಬಹುದು, ಅದಕ್ಕೆ ದಾರಿ ಇದೆ. ಬೇಗ ಆಗ್ಲಿ, ದುಬೈಯವರು ಲೈನಲ್ಲಿ ಕಾಯ್ತಿದಾರೆ."

ಗಿರಿಧರ್ ಕೈಯಲ್ಲಿ ಎಳ್ಳು ಹಿಡ್ಕೊಂಡು, ಮುಚ್ಚಿದ ಬಾಗಿಲನ್ನೇ ನೋಡ್ತಾ ಕೂತಿದ್ದ.

"ಬಿಡ್ರೀ," ಅಂದ್ಲು ಶರ್ಮಿಳಾ.

ಬಿಟ್ಟ. ಕೊರಗನಿಗೆ ಮೊದಲನೇ ಸಲ, ಕೊರಗನ ಹೆಸರಲ್ಲೇ, ನೀರು ಬಿತ್ತು.

*

ಕಾಂತಾಮಣಿ ಆವತ್ತು ಊಟಕ್ಕೆ ಬರಲಿಲ್ಲ. ಮಾರನೇ ದಿನ ನವರಾತ್ರಿ ಶುರು, ಒಪ್ಪತ್ತು ಅಂತ ನೆಪ ಸಿಕ್ತು. ಅವಲಕ್ಕಿ, ಬಾಳೆಹಣ್ಣು, ತಾವೇ ಕಾಯಿಸ್ಕೊಂಡ ಹಾಲು. ಸೊಸೆ ಕಡೆ ನೋಟ ಇಲ್ಲ. ಮಗನ ಮೇಲೆ ಮಾತ್ರ ಒಂದು ಬೆಳಿಗ್ಗೆ ಕಟ್ಟೆ ಒಡೀತು.

"ಜಾತಿ ಮಾತು ಆಮೇಲೆ ಆಡ್ತೀನಿ. ಆಡಲ್ಲ ಅಂದ್ಕೋಬೇಡ, ಆಡೇ ಆಡ್ತೀನಿ. ಮೊದಲು ಇದು ಹೇಳು. ಬದುಕಿರೋ ಹೆಂಗಸನ್ನ ಯಾವ ಬಾಯಲ್ಲಿ ಸಾಯಿಸಿದೆಯೋ? ನಿಮ್ಮಪ್ಪನ ಕೈಯಲ್ಲಿ, ಆ ಸಾಧು ಮನುಷ್ಯನ ಕೈಯಲ್ಲಿ, ಬದುಕಿರೋರಿಗೆ ಎಳ್ಳುನೀರು ಬಿಡಿಸಿದ್ಯಲ್ಲೋ!"

"ಅಪ್ಪನ ಹಾರ್ಟಿಗೆ ಏನಾದ್ರೂ ಆದ್ರೆ ಅಂತ..."

"ಅವರ ಹಾರ್ಟು ಗಟ್ಟಿ ಇತ್ತು. ಪುಕ್ಕಲ ನೀನು."

ಶರ್ಮಿಳಾ ಉಮ್ಮ್ ಸಲಾಲಿಗೆ ಹೋದ್ಲು. ಈ ಸಲ ತರಕಾರಿ ಅಂತ ಹೇಳಲಿಲ್ಲ, 'ಅಮ್ಮನ ಮನೆಗೆ' ಅಂತ ಮುಚ್ಚಿದ ಬಾಗಿಲಿಗೇ ಹೇಳಿ ಹೋದ್ಲು. ಪೂವಕ್ಕನ ಎದುರು ಕೂತು ಒಂದೇ ಉಸಿರಿಗೆ ಎಲ್ಲಾ ಹೇಳಿಬಿಟ್ಲು. ಪೂವಕ್ಕ ಮಗುವಿನ ಬಟ್ಟೆ ಮಡಚ್ತಿದ್ದ ಕೈ ನಿಲ್ಲಿಸಲಿಲ್ಲ.

"ನಾನು ಯಾವ ಕಾಯಿಲೆಯಲ್ಲಿ ಸತ್ತದ್ದು?"

"ಅಮ್ಮ..."

"ಕೇಳಿದ್ದಕ್ಕೆ ಹೇಳು."

"ಆಕ್ಸಿಡೆಂಟು. ಅಪ್ಪ, ನೀನು, ಒಟ್ಟಿಗೆ."

"ಒಳ್ಳೆದಾಯ್ತು. ನರಳ್ಲಿಲ್ಲ." ಪೂವಕ್ಕ ಎದ್ರು. "ನಿನ್ನಪ್ಪ ನಿಜವಾಗಿ ಸಾಯುವಾಗ ಮೂರು ತಿಂಗಳು ನರಳಿದ್ರು. ಆಗ ನೀನು ನಾಲ್ಕು ದಿನಕ್ಕೆ ಬಂದು ಹೋದದ್ದು ಯಾಕೆ ಅಂತ ಈಗ ಗೊತ್ತಾಯ್ತು. ಮೊದಲೇ ಸತ್ತವರಿಗೆ ರಜೆ ಯಾರು ಕೊಡ್ತಾರೆ? ಹೋಗು ಮಗಾ. ಸತ್ತವರ ಹತ್ರ ಕೂತು ಎಂತ ಮಾತು."

ಅಲ್ಲಿಂದಾಚೆ ಪೂವಕ್ಕ ಮಗಳ ಫೋನ್ ತೆಗೀಲಿಲ್ಲ. ಶರ್ಮಿಳಾ ಫೋನ್ ಮಾಡ್ತಾನೇ ಇದ್ಲು, ಅಡುಗೆ ಮಧ್ಯೆ, ಆಫೀಸ್ ಮೆಟ್ಟಿಲಲ್ಲಿ, ಕಾರು ನಿಲ್ಲಿಸಿ. ಉಪ್ಪು ಹಾಕಿದ್ದಕ್ಕೇ ಮತ್ತೆ ಉಪ್ಪು ಹಾಕ್ತಿದ್ಲು. ಇನ್ನು ಸ್ವಲ್ಪ ದಿನಕ್ಕೆ ಅಮ್ಮನ ವೀಸಾ ಮುಗೀತಿತ್ತು. ಊರಿಗೆ ಹೋದ್ರೆ ಹೋದ ಹಾಗೇ.

ಫೋನ್ ತೆಗೀದೆ ಇರೋ ವಿಷಯ ಗಗನಾ ಅಜ್ಜಿಗೆ ಹೇಳಿದ್ಲು. ಬೇಕೂ ಅಂತಾನೇ ಹೇಳಿದ್ಲು. ಕಾಂತಾಮಣಿ ಅವಲಕ್ಕಿ ಬಟ್ಟಲು ಕೆಳಗಿಟ್ಟು, "ನಿನ್ನ ಮೊಬೈಲಿಂದ ಹಚ್ಚಿಕೊಡು. ನನ್ನ ನಂಬರ್ ಅವರಿಗೆ ಗೊತ್ತಿಲ್ಲ, ತೆಗೆಯಲ್ಲ," ಅಂದ್ರು. ಶರ್ಮಿಳಾ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿ ಕೊಟ್ಲು. ಸ್ಪೀಕರ್ ಹಾಕಿತ್ತು.

"ಬೀಗ್ರೇ, ನಮಸ್ಕಾರ. ನಾನು ಗಿರಿಧರನ ತಾಯಿ, ಕಾಂತಾಮಣಿ. ಇಷ್ಟು ವರ್ಷ ನಿಮ್ಮನ್ನ ಸತ್ತೋರು ಅಂದ್ಕೊಂಡಿದ್ದೆ. ತಪ್ಪಾಯ್ತು ಅಂತ ಹೇಳಲ್ಲ, ತಪ್ಪು ನಂದಲ್ಲ."

ಆ ಕಡೆ ಮಗು ಅಳೋದು ಕೇಳಿಸ್ತು. "ನಿಮ್ಮದಲ್ಲ," ಅಂದ್ರು ಪೂವಕ್ಕ. "ನಿಮ್ಮ ಮಗಂದು. ನನ್ನ ಮಗಳದ್ದು."

"ಅದೇ ನಾನೂ ಹೇಳೋದು. ಹೊಡೀಬೇಕು ಇಬ್ಬರಿಗೂ."

"ನಂಗೆ ಈಗ ಕೈಯಲ್ಲಿ ಬಲ ಇಲ್ಲ. ನೀವೇ ಹೊಡೀರಿ."

"ಸತ್ತರು ಅಂತ ಸುಳ್ಳು ಸುದ್ದಿ ಹಬ್ಬಿದ್ರೆ ಆಯುಸ್ಸು ಗಟ್ಟಿಯಾಗುತ್ತೆ ಅಂತಾರೆ ನಮ್ಮ ಕಡೆ."

"ನಮ್ಮಲ್ಲೂ ಹಾಗೇ ಹೇಳುದು. ಹಾಗಾದ್ರೆ ನಾನು ನೂರು ದಾಟ್ತೇನೆ. ಆಗ್ಬೇಕಾದ್ದೇ ಇವರಿಗೆ."

ಕಾಂತಾಮಣಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ್ರು. "ಹುಡುಗಿ ನಾಟಕ ಇದೆ, ದಶಮಿ ದಿನ. ಬನ್ನಿ."

"ಮೊಮ್ಮಗಳಿಗೋಸ್ಕರ ಬರ್ತೇನೆ. ಮಗಳಿಗೋಸ್ಕರ ಅಲ್ಲ."

*

ದಶಮಿ ಸಂಜೆ ಬಾಡಿಗೆ ಹಾಲಲ್ಲಿ ಜನ ಗಿಜಿಗಿಜಿ. ರಿತೇಶ್ ಅಮ್ಮನ್ನ ಕರ್ಕೊಂಡು ಬಂದ. ಪೂವಕ್ಕ ರೇಷ್ಮೆ ಸೀರೆ ಉಟ್ಟು, ಕಾಂತಾಮಣಿಗೆ ಕೈ ಮುಗಿದು, ಕೂತ್ರು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಬಿಟ್ರು, ಯಾರು ಬಿಟ್ಟಿದ್ದು ಅಂತ ಹೇಳೋಕಾಗಲ್ಲ. ಶರ್ಮಿಳಾ ಆ ಕುರ್ಚಿಯಲ್ಲಿ ಕೂತ್ಲು. ಎಡಕ್ಕೆ ತಿರುಗಿದ್ರೆ ಅತ್ತೆ ಸ್ಟೇಜ್ ನೋಡ್ತಿದ್ರು. ಬಲಕ್ಕೆ ತಿರುಗಿದ್ರೆ ಅಮ್ಮನೂ ಸ್ಟೇಜ್ ನೋಡ್ತಿದ್ರು.

ಓಬವ್ವಂದಿರು ಮುಗಿದ್ರು. ಗಗನಾ ಬಂದ್ಲು. ತಲೆಗೊಂದು ಬಿಳಿ ಬಟ್ಟೆ, ಅಷ್ಟೇ. ಬೆಣ್ಣೆಯ ಮುಂದೆ ಅವಳ ಕೈ ನಿಂತಾಗ ಹಾಲಲ್ಲಿದ್ದ ಮೈಸೂರು ಕಡೆ ಹೆಂಗಸರು "ಅಯ್ಯೋ" ಅಂದ್ರು. ಅವಳು ಮೇಣದಬತ್ತಿ ಹಚ್ಚಿದ್ಲು. ಸೈನಿಕ ಪೇಪರ್ ಕೇಳಿದಾಗ ನಕ್ಕೊಂಡು ಕೊಟ್ಲು, ಆಮೇಲೆ ಮೂಲೆಗೆ ಹೋಗಿ ವಾಂತಿ ಮಾಡ್ಕೊಂಡ್ಲು. ಕೊನೆಗೆ ಯುದ್ಧ ಮುಗೀತು. ಖಾಲಿ ಬೀದಿ. ತಲೆ ಮೇಲಿನ ಬಟ್ಟೆ ತೆಗೆದು, ಮೊದಲು ಪಿಸುಮಾತಲ್ಲಿ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಗಂಟಲು ಹರಿಯೋ ಹಾಗೆ ಹೇಳಿದ್ಲು: "ನಾನು ಯಾನಿನಾ ಅಲ್ಲ. ನಾನು ರಿವ್ಕಾ. ರಿವ್ಕಾ!" ಲೈಟ್ ಆಫ್.

ಚಪ್ಪಾಳೆ ಬಿತ್ತು. ಆ ಗಲಾಟೆಯಲ್ಲಿ ಶರ್ಮಿಳಾಳ ತೋಳನ್ನ ಯಾರೋ ಹಿಡಿದು ಎಳೆದ್ರು. ಪೂವಕ್ಕ. ಇಷ್ಟು ದಿನದಲ್ಲಿ ಮೊದಲನೇ ಮಾತು.

"ಅಮ್ಮ ಎಲ್ಲಿ ಅವಳದ್ದು? ನೆಲದಡಿಯಲ್ಲಿ ಇದ್ದಳಲ್ಲ. ಅಮ್ಮ ಸಿಕ್ಕಿದಳಾ?"

"ಇಲ್ಲ ಅಮ್ಮ. ಯುದ್ಧ ಮುಗಿಯೋಕೆ ಮೊದಲೇ ಹಿಡ್ಕೊಂಡು ಹೋದ್ರು. ಇವಳೊಬ್ಬಳೇ ಉಳಿದದ್ದು."

"ಮತ್ತೆ ಹೆಸರು ಹೇಳಿದ್ದು ಯಾರಿಗೆ ಅವಳು? ಕೇಳ್ಲಿಕ್ಕೆ ಯಾರಿದ್ದಾರೆ?"

ತೋಳು ಹಿಡಿದ ಕೈಯನ್ನ ಪೂವಕ್ಕ ಬಿಡಲಿಲ್ಲ. ಸ್ಟೇಜ್ ಮೇಲೆ ಮೈಕ್ ಕುಯ್ಯೋ ಅಂತು, ಮುಂದಿನ ಮಗು ಬಂತು.

"ನಾಳೆ ಬರ್ತೇನೆ ನಿನ್ನ ಮನೆಗೆ," ಅಂದ್ರು ಪೂವಕ್ಕ.

ಎಡಗಡೆಯಿಂದ, ಸ್ಟೇಜಿನಿಂದ ಕಣ್ಣು ತೆಗೀದೇ ಕಾಂತಾಮಣಿ ಹೇಳಿದ್ರು, "ನಾಳೆ ಏಕಾದಶಿ. ನಾನೇನೂ ತಿನ್ನಲ್ಲ, ನೀವು ಒಬ್ಬರೇ ಕೂತು ಉಣ್ಣೋದು ಚೆನ್ನಾಗಿರಲ್ಲ. ನಾಡಿದ್ದು ಬನ್ನಿ."

"ಆಗ್ಬಹುದು. ಊಟಕ್ಕೆ ಎಂತ ಮಾಡ್ತೀರಿ?"

ಕಾಂತಾಮಣಿಯ ಮೂಗಿನ ಹೊಳ್ಳೆ ಒಂದು ಸಲ ಅರಳಿ ಕೂತಿತು.

"ನನ್ನನ್ನ ಕೇಳಬೇಡಿ," ಅಂದ್ರು. "ನಾನು ನನ್ನ ಪಾಡಿಗೆ ರೂಮಲ್ಲಿ ಮೊಸರನ್ನ ಕಲಸ್ಕೊಂಡು ತಿಂತೀನಿ. ನಿಮ್ಮ ಮಗಳನ್ನ ಕೇಳಿ. ಮನೆ ಅವಳದ್ದು."

ಪೂವಕ್ಕ ಮಗಳ ಕಡೆ ತಿರುಗಿ, ಕಾಯ್ತಾ ಕೂತ್ರು.